ಮೂರು ಸಲ ಬೇಡ ಅನ್ನಬೇಕು

ನನ್ನ ಐದು ಜನ ಮಕ್ಕಳು ಈಗ ತಾವೇ ಮಕ್ಕಳೊಂದಿಗರು. ಹಬ್ಬಕ್ಕೆ ಎಲ್ಲರೂ ಸೇರಿದರೆ ಉಂಡು, ಎಲೆ ಅಡಿಕೆ ಹಾಕಿಕೊಂಡು ಹಳೆಯದನ್ನು ತೆಗೆಯುತ್ತಾರೆ. ಚನ್ನಗಿರಿಯಲ್ಲಿ ಕೆರೆ ಏರಿಯ ಮೇಲೆ ಬುತ್ತಿ ಬಿಚ್ಚಿದ್ದು, ಹೊನ್ನಾಳಿಯಲ್ಲಿ ಹೊಳೆಗೆ ಬಿದ್ದುಹೋದ ಚೊಂಬು, ನ್ಯಾಮತಿಯ ಮಾವಿನ ತೋಪು, ಒಂದೊಂದನ್ನೂ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾರೆ. ಜಗಳೂರಿನ ಹೆಸರು ಬಂದರೆ ಮಾತ್ರ ಯಾರಾದರೊಬ್ಬರು ಎದ್ದು ‘ಕಾಫಿ ಕುಡೀತೀರಾ?’ ಎಂದು ಕೇಳುತ್ತಾರೆ. ನನ್ನ ಮುಖ ನೋಡಿಯೇ ಹಾಗೆ ಮಾಡುತ್ತಾರೆಂದು ನನಗೆ ಗೊತ್ತು. ಅಪ್ಪನ ಮರ್ಯಾದೆ ಕಾಯುವ ಕೆಲಸ ಅವರಿಗೆ ಚಿಕ್ಕಂದಿನಿಂದಲೇ ರೂಢಿಯಾಗಿದೆ. ಅವರು ಹೇಳದೆ ಬಿಟ್ಟಿದ್ದನ್ನು ನಾನೇ ಬರೆದಿಡುತ್ತೇನೆ.

ನಾನು ಪ್ರೈಮರಿ ಶಾಲೆಯ ಮೇಷ್ಟ್ರು. ಚನ್ನಗಿರಿಯಲ್ಲಿ ಕೆಲಸಕ್ಕೆ ಸೇರಿದೆ, ಅಲ್ಲಿಂದ ಹೊನ್ನಾಳಿ, ಅಲ್ಲಿಂದ ನ್ಯಾಮತಿ, ಯುದ್ಧದ ಕಾಲಕ್ಕೆ ಜಗಳೂರಿನ ಪಕ್ಕದ ಒಂದು ಹಳ್ಳಿ. ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗ, ಪ್ರತಿ ವರ್ಗಕ್ಕೂ ಮನೆಯಲ್ಲೊಂದು ಹೊಸ ತೊಟ್ಟಿಲು. ಮಕ್ಕಳಿಗೆ ದೂರದ ಊರು, ಪೇಟೆ ಅಂತ ತೋರಿಸಿಕೊಂಡು ಬರುವ ಶಕ್ತಿ ನನಗಿರಲಿಲ್ಲ. ಹಾಗಂತ ಐದು ಮಕ್ಕಳನ್ನು ವರ್ಷವಿಡೀ ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಕೂಡಿಹಾಕಲು ಆಗುತ್ತದೆಯೇ? ಒಂದು ಅಳಲು ಶುರು ಮಾಡಿದರೆ ಉಳಿದ ನಾಲ್ಕೂ ದನಿಗೂಡಿಸುತ್ತಿದ್ದವು. ಅದಕ್ಕೇ ಆಯಾ ಕಾಲಕ್ಕೆ ಪುಕ್ಕಟೆಯಾಗಿ ಸಿಗುವ ಸುತ್ತಾಟಗಳನ್ನು ನಾವು ಒಂದನ್ನೂ ಬಿಡುತ್ತಿರಲಿಲ್ಲ. ಬೇಸಿಗೆಗೆ ಯಾರದಾದರೂ ತೋಪು, ಕಾರ್ತೀಕಕ್ಕೆ ಯಾವುದಾದರೂ ಗುಡ್ಡ, ಸಂಕ್ರಾಂತಿಗೆ ಹೊಳೆ.

ಇವೆಲ್ಲಕ್ಕಿಂತ ಮಕ್ಕಳು ಕಾಯುತ್ತಿದ್ದದ್ದು ಸೀಗೆ ಹುಣ್ಣಿಮೆಯನ್ನು. ಆ ದಿನ ಹೊಲವಿದ್ದವರು ಗಾಡಿ ಕಟ್ಟಿಕೊಂಡು, ಅಡಿಗೆ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಾರೆ. ಬನ್ನಿ ಮರದ ಬುಡದಲ್ಲಿ ಐದು ಕಲ್ಲು ಇಟ್ಟು ಸುಣ್ಣ ಬಳಿದು ಪೂಜೆ ಮಾಡುತ್ತಾರೆ. ಮಾಡಿದ ಅಡಿಗೆಯಲ್ಲೆಲ್ಲ ಒಂದೊಂದು ಪಾಲು ತೆಗೆದು ಕಲಸಿ, ಕೂಗು ಹಾಕುತ್ತ ಹೊಲದ ಸುತ್ತ ಪೈರಿನ ಮೇಲೆ ಚೆಲ್ಲುತ್ತಾರೆ. ಅದೇ ಚರಗ. ತೆನೆ ಕಟ್ಟುವ ಭೂಮಿಯನ್ನು ಬಸುರಿ ಎಂದು ತಿಳಿದು ಅದಕ್ಕೆ ಉಣ್ಣಿಸುವ ಹಬ್ಬ. ಚರಗ ಚೆಲ್ಲುವ ತನಕ ಯಾರೂ ಬಾಯಿಗೆ ಹನಿ ನೀರು ಸಹ ಹಾಕುವಂತಿಲ್ಲ, ಚೆಲ್ಲಿದ ಮೇಲೆ ಹೊಟ್ಟೆ ಬಿರಿಯುವಂತೆ ಉಣ್ಣಬೇಕು. ಹೊಲವಿಲ್ಲದ ನಮ್ಮಂಥವರನ್ನು ಯಾರಾದರೂ ಕರೆದೇ ಕರೆಯುತ್ತಿದ್ದರು. ಮೇಷ್ಟ್ರ ಮನೆಯವರನ್ನು ಬಿಟ್ಟು ಉಣ್ಣುವುದು ಚೆನ್ನಾಗಿರುವುದಿಲ್ಲವೆಂದು ಊರವರೂ, ಕರೆದರೆ ಹೋಗದಿರುವುದು ಚೆನ್ನಾಗಿರುವುದಿಲ್ಲವೆಂದು ನಾವೂ ಅಂದುಕೊಂಡಿದ್ದೆವು.

ನನ್ನ ಹೊಟ್ಟೆಯಲ್ಲಿ ಮುಳ್ಳು ಸೇರಿಕೊಂಡದ್ದು ಹೊನ್ನಾಳಿಯಲ್ಲಿ. ಸಂಕ್ರಾಂತಿಯ ದಿನ ಎಲ್ಲರೂ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮುಳುಗಿ, ಮರಳಿನ ಮೇಲೆ ಬುತ್ತಿ ಬಿಚ್ಚಿ ಕೂತಿದ್ದೆವು. ಹೊಳೆಯ ದಂಡೆಯಲ್ಲಿ ಒಬ್ಬರ ಬುತ್ತಿ ಇನ್ನೊಬ್ಬರಿಗೆ ಹೋಗುವುದು ವಾಡಿಕೆ. ನನ್ನ ಮಕ್ಕಳಿಗೆ ನೀರಾಡಿ ಹಸಿವು ಕೆರಳಿತ್ತು. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಕೊಟ್ಟ ಸಜ್ಜೆ ರೊಟ್ಟಿ, ಎಣ್ಣೆಗಾಯಿಯನ್ನು ಅವು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಖಾಲಿ ಮಾಡಿ ಮತ್ತೆ ಕೈ ಚಾಚಿದವು. ಆಕೆ ಕೊಟ್ಟಳು. ಕೊಟ್ಟು, ಅತ್ತ ತಿರುಗಿ ತನ್ನ ಅತ್ತೆಗೆ ಹೇಳಿದಳು: “ನೋಡ್ರತ್ತೀ, ಮೇಷ್ಟ್ರ ಮಕ್ಳು ಬರಗಾಲದಾಗ ಹುಟ್ಟಿದಂಗೆ ಉಣ್ತಾವೆ.” ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ನಗುತ್ತಲೇ ಹೇಳಿದ್ದಳು. ನನಗೆ ಮಾತ್ರ ಹೊಳೆಯ ದಂಡೆಯ ಜನವೆಲ್ಲ ತಿರುಗಿ ನಮ್ಮನ್ನೇ ನೋಡಿದಂತಾಯಿತು.

ಯಾಕೆ ಅಷ್ಟು ಚುಚ್ಚಿತು ಎಂದರೆ ಅದು ನಿಜವಾಗಿತ್ತು. ನನ್ನ ಅಪ್ಪ ಊರೂರು ತಿರುಗಿ ಎಣ್ಣೆ ಮಾರುತ್ತಿದ್ದವರು. ಹುಡುಗನಾಗಿದ್ದಾಗ ಅವರ ಹಿಂದೆ ಹೋಗಿ ಎಷ್ಟು ಮನೆಯ ಜಗುಲಿಯ ಮೇಲೆ ಅವರಿವರು ಕೊಟ್ಟ ರೊಟ್ಟಿ ತಿಂದಿದ್ದೇನೋ ಲೆಕ್ಕವಿಲ್ಲ. ಹೇಗೋ ನಾಲ್ಕು ಅಕ್ಷರ ಕಲಿತು, ಕರಿ ಕೋಟು ಹಾಕಿಕೊಂಡು ಮೇಷ್ಟ್ರಾದ ಮೇಲೆ ಆ ಜಗುಲಿಗಳನ್ನು ಮರೆತೇಬಿಟ್ಟೆ ಅಂದುಕೊಂಡಿದ್ದೆ.

ಆವತ್ತು ಮನೆಗೆ ಬಂದವನೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. “ಇನ್ಮೇಲೆ ಯಾರೇ ಉಣ್ಣಾಕೆ ಕರೀಲಿ, ಮೂರು ಸಲ ಬೇಡ ಅನ್ನಬೇಕು. ಮೊದಲನೇ ಸಲಕ್ಕೂ ಬೇಡ, ಎರಡನೇ ಸಲಕ್ಕೂ ಬೇಡ, ಮೂರನೇ ಸಲಕ್ಕೂ ಬೇಡ. ಆಮೇಲೂ ಒತ್ತಾಯ ಮಾಡಿದರೆ ಒಂದು ಚೂರು ಇಸ್ಕೊಳ್ಳಬೇಕು. ತಿಳೀತಾ?” ಎಂದೆ. ತಿಳಿಯಿತು ಎಂದು ಎಲ್ಲ ತಲೆ ಆಡಿಸಿದವು. ನಾನು ಬಿಡಲಿಲ್ಲ, ಮೇಷ್ಟ್ರಲ್ಲವೇ? ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದೆ. ನನ್ನ ಹೆಂಡತಿ ಖಾಲಿ ತಟ್ಟೆ ಹಿಡಿದು ಬಡಿಸುವವಳಾಗಬೇಕು, ಮಕ್ಕಳು ಒಬ್ಬೊಬ್ಬರಾಗಿ ‘ಬ್ಯಾಡ್ರಿ, ಹೊಟ್ಟೆ ತುಂಬೈತ್ರಿ’ ಅನ್ನಬೇಕು. ದೊಡ್ಡ ಮಗಳು ಕಲಿತಳು, ಎರಡನೆಯ ಹುಡುಗ ಕಲಿತ. ಮೂರನೆಯವಳಿಗೆ ಆಗ ಮೂರೋ ನಾಲ್ಕೋ ವರ್ಷ. ಬಾಯಲ್ಲಿ ‘ಬ್ಯಾಡ್ರಿ’ ಅನ್ನುತ್ತ ಎರಡೂ ಕೈ ತಟ್ಟೆಯ ಕಡೆ ಚಾಚುತ್ತಿದ್ದಳು. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಅದಕ್ಕೇನು ತಿಳೀತೈತ್ರೀ, ಕೂಸು. ಹಸಿದ ಹೊಟ್ಟೆಗೆ ಪಾಠ ಹೇಳ್ತಾರೇನು?” ಎಂದಳು. ನಾನು ಆ ಪುಟ್ಟ ಕೈಗಳನ್ನು ಹಿಡಿದು ಬೆನ್ನ ಹಿಂದೆ ಕಟ್ಟಿಸಿ ನಿಲ್ಲಿಸಿ ಮತ್ತೆ ಹೇಳಿಸಿದೆ.

ನ್ಯಾಮತಿಯ ಕಡೆ ಈ ವಿದ್ಯೆ ಚೆನ್ನಾಗಿ ನಡೆಯಿತು. ಗೋವಿನಕೋವಿಯಲ್ಲಿ ಒಬ್ಬರ ಹೊಲಕ್ಕೆ ಎರಡು ವರ್ಷ ಚರಗಕ್ಕೆ ಹೋದೆವು. ಅಲ್ಲಿಯ ಹೆಂಗಸರು ಬೇಡ ಅಂದರೆ ಬಿಡುವ ಪೈಕಿಯೇ ಅಲ್ಲ. “ಅಯ್ಯ, ಸುಮ್ನೆ ಕೂತ್ಕೋ ತಂಗಿ, ಹೊಟ್ಟೆ ತುಂಬೈತಂತೆ!” ಎಂದು ಗದರಿಸಿ ಕಡುಬಿನ ಮೇಲೆ ಕಡುಬು ಹಾಕಿ ತುಪ್ಪ ಸುರಿಯುತ್ತಿದ್ದರು. ಮಕ್ಕಳ ಹೊಟ್ಟೆಯೂ ತುಂಬಿತು, ‘ಮೇಷ್ಟ್ರ ಮಕ್ಕಳು ಎಷ್ಟು ಒಳ್ಳೇ ನಡತೆಯವು’ ಎಂಬ ಹೆಸರೂ ಬಂತು. ನನಗಂತೂ ಕೋಡು ಮೂಡಿದವು.

ಆಮೇಲೆ ಜಗಳೂರಿನ ಕಡೆಗೆ ವರ್ಗವಾಯಿತು. ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದ ಓಡುವ ಬಸ್ಸು, ಏರು ಬಂದಲ್ಲೆಲ್ಲ ಇಳಿದು ತಳ್ಳಬೇಕು. ಮಕ್ಕಳಿಗೆ ಅದೇ ಒಂದು ಸುತ್ತಾಟವಾಯಿತು, ಮುಖವೆಲ್ಲ ಮಸಿ ಮಾಡಿಕೊಂಡು ಊರು ಸೇರಿದೆವು. ನನಗಿಂತ ಮೊದಲು ಅಲ್ಲಿದ್ದ ಮೇಷ್ಟ್ರು ಮಡಿಯವರು. ಯಾರ ಮನೆಯ ನೀರನ್ನೂ ಮುಟ್ಟದೆ ತಾವೇ ಅಡಿಗೆ ಮಾಡಿಕೊಂಡು ಉಣ್ಣುತ್ತಿದ್ದವರಂತೆ. ಇದನ್ನು ನಾನು ಕೇಳಿದ್ದೆ. ಕೇಳಿ, ನಮಗೂ ಅದಕ್ಕೂ ಏನು ಸಂಬಂಧ ಎಂದು ಬಿಟ್ಟಿದ್ದೆ.

ಸೀಗೆ ಹುಣ್ಣಿಮೆಗೆ ಎರಡು ದಿನ ಮುಂಚೆ ಊರಿನ ಒಬ್ಬ ರೈತ ಶಾಲೆಯ ಬಾಗಿಲಿಗೆ ಬಂದು, “ಮೇಷ್ಟ್ರೇ, ಮಕ್ಳು ಮರಿ ಕರ್ಕೊಂಡು ಹೊಲಕ್ಕೆ ಬರ್ಬೇಕ್ರಿ. ಗಾಡಿ ಕಳಸ್ತೀನಿ. ನಮ್ಮವ್ವ ಹೇಳಿ ಕಳಿಸ್ಯಾಳೆ” ಎಂದ. ಅವನ ತಾಯಿ ಆ ಮನೆಯ ಹಿರಿಯಳು, ಊರೆಲ್ಲ ಅಜ್ಜಿ ಎಂದೇ ಕರೆಯುತ್ತಿದ್ದ ಹೆಂಗಸು. ಮಕ್ಕಳು ಎರಡು ದಿನ ನಿದ್ದೆ ಮಾಡಲಿಲ್ಲ.

ಹಬ್ಬದ ಬೆಳಿಗ್ಗೆ ನನ್ನ ಹೆಂಡತಿ ನಾಲ್ಕು ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟುತ್ತಿದ್ದಳು. “ಇದ್ಯಾಕೆ?” ಎಂದೆ. “ಹೊಸ ಊರು. ಉಣ್ಣೋದು ಎಷ್ಟು ಹೊತ್ತಾಗ್ತೈತೋ ಏನೋ, ಸಣ್ಣವು ತಡೀಬೇಕಲ್ರೀ” ಎಂದಳು. “ಕರೆದೋರ ಹೊಲಕ್ಕೆ ಬುತ್ತಿ ಕಟ್ಕೊಂಡು ಹೋಗ್ತಾರೇನೇ? ನಿನಗೆ ಮಾನ ಮರ್ಯಾದೆ ಏನಾದ್ರೂ ಐತಾ?” ಎಂದು ಗಂಟು ಬಿಚ್ಚಿಸಿ ಇಡಿಸಿದೆ. ಮೂರನೆಯವಳಿಗೆ ಆಗ ಆರು ವರ್ಷ. ಒಂದು ಚೂರು ರೊಟ್ಟಿ ಮುರಿದುಕೊಂಡವಳಿಗೆ ಚರಗಕ್ಕೆ ಮುಂಚೆ ತಿನ್ನಬಾರದೆಂದು ಹೇಳಿ ಅದನ್ನೂ ಕೈಯಿಂದ ಕಸಿದೆ.

ಹೊಲ ದೂರವಿತ್ತು. ಬಿಸಿಲು ನೆತ್ತಿಗೆ ಬಂದ ಮೇಲೆ ಪೂಜೆಯಾಯಿತು. ರೈತ ಬಿದಿರು ಬುಟ್ಟಿ ಹಿಡಿದು ಕೂಗು ಹಾಕುತ್ತ ಎದೆಯೆತ್ತರದ ಜೋಳದ ಸಾಲುಗಳಲ್ಲಿ ಚರಗ ಚೆಲ್ಲಿಕೊಂಡು ಬಂದ. ನನ್ನ ಮಕ್ಕಳು ಅವನ ಹಿಂದೆ ತಾವೂ ಕೂಗುತ್ತ ಓಡಿದವು. ವಾಪಸು ಬಂದು ಬನ್ನಿ ಮರದ ನೆರಳಲ್ಲಿ ಕೂತವು. ಅಜ್ಜಿ ಬುಟ್ಟಿಗಳ ಮೇಲಿನ ಬಟ್ಟೆ ಸರಿಸಿದಳು. ಎಣ್ಣೆಗಾಯಿ, ಪುಂಡಿಪಲ್ಯ, ಮೊಸರನ್ನ, ಶೇಂಗಾ ಹೋಳಿಗೆ. ಧಾನ್ಯಕ್ಕೆ ಪರದಾಡುವ ಆ ದಿನಗಳಲ್ಲಿ ಅಷ್ಟು ಅಡಿಗೆಯನ್ನು ಒಟ್ಟಿಗೆ ನೋಡಿ ನನ್ನ ಬಾಯಲ್ಲೇ ನೀರೂರಿತು.

“ಬರ್ರಿ ಮಕ್ಳಾ, ಕೂತ್ಕೊಳ್ರಿ” ಎಂದು ಅಜ್ಜಿ ದೊಡ್ಡ ಮಗಳ ಮುಂದೆ ಎಲೆ ಹಾಕಿದಳು. ಅವಳು ನನ್ನ ಮುಖ ನೋಡಿ, “ಬ್ಯಾಡ್ರಿ, ಹೊಟ್ಟೆ ತುಂಬೈತ್ರಿ” ಎಂದಳು. ಹುಡುಗನೂ ಅದನ್ನೇ ಹೇಳಿದ. ಮೂರನೆಯವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಚೊಕ್ಕವಾಗಿ ಹೇಳಿದಳು. ನಾನು ಒಳಗೊಳಗೇ ಹಿಗ್ಗುತ್ತ ಎರಡನೆಯ ಒತ್ತಾಯಕ್ಕೆ ಕಾದೆ.

ಅಜ್ಜಿಯ ಕೈ ನಿಂತಿತು. ತನ್ನ ಮಗನ ಮುಖ ನೋಡಿದಳು, ಆಮೇಲೆ ನನ್ನ ಕೋಟು ನೋಡಿದಳು. ಹಾಕಿದ ಎಲೆಯನ್ನು ಮೆಲ್ಲಗೆ ವಾಪಸು ಎಳೆದುಕೊಂಡು, “ತಪ್ಪು ತಿಳೀಬ್ಯಾಡ್ರಿ ಮೇಷ್ಟ್ರೇ. ನಮ್ಮ ಕೈಯಾಗಿಂದು ನಿಮಗೆ ನಡೆಯಂಗಿಲ್ಲ ಅಂತ ನಮಗೆ ಹೊಳೀಲೇ ಇಲ್ಲ. ಹಿಂದಿನ ಮೇಷ್ಟ್ರೂ ಹಂಗೇ ಇದ್ರು. ಮೊದ್ಲೇ ಕೇಳ್ಬೇಕಾಗಿತ್ತು” ಎಂದಳು.

ನೋಡಿ, ಅಲ್ಲೇ ಹೇಳಬಹುದಿತ್ತು. ‘ಅಯ್ಯೋ ಅಜ್ಜಿ, ಹಂಗೇನಿಲ್ಲ, ನಾವೂ ನಿಮ್ಮಂಗೇ ರೊಟ್ಟಿ ಉಣ್ಣೋರು, ಬಡಿಸು’ ಅಂದಿದ್ದರೆ ಎಲ್ಲರೂ ನಕ್ಕು ಉಂಡು ಬರುತ್ತಿದ್ದೆವು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾಕೆ ನುಂಗಿದೆ? ಇದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಅಜ್ಜಿ ಆ ಮಾತು ಹೇಳುವಾಗ ಅವಳ ದನಿ ತಗ್ಗಿತ್ತು, ರೈತ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು ಎದ್ದು ನಿಂತಿದ್ದ. ಜಗುಲಿಯ ಮೇಲೆ ರೊಟ್ಟಿ ತಿಂದವನ ಮಗನಿಗೆ, ಅಲ್ಲ, ಜಗುಲಿಯ ಮೇಲೆ ರೊಟ್ಟಿ ತಿಂದವನಿಗೇ, ಅಷ್ಟು ತಗ್ಗಿದ ದನಿಯನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಅದು ಹಿತವಾಗಿತ್ತು. ಥೂ ನನ್ನ ಜನ್ಮಕ್ಕೆ, ಹಿತವಾಗಿತ್ತು. “ಇರ್ಲಿ ಬಿಡಮ್ಮ, ಪರವಾಗಿಲ್ಲ” ಎಂದೆ, ದೊಡ್ಡವನ ಹಾಗೆ.

ನನ್ನ ಹೆಂಡತಿ ಕೂಸಿಗೆ ಹಾಲು ಕುಡಿಸುತ್ತ ಅತ್ತ ತಿರುಗಿ ಕೂತಿದ್ದವಳು ಥಟ್ಟನೆ ತಿರುಗಿ ನನ್ನನ್ನು ನೋಡಿದಳು. ನಾನು ಕಣ್ಣು ತಪ್ಪಿಸಿದೆ.

ಅವರು ನಮಗೆ ಬಾಳೆಹಣ್ಣು, ಕೊಬ್ಬರಿ, ಬೆಲ್ಲ, ಹಸಿ ಶೇಂಗಾ ಕೊಟ್ಟರು. ಬೇಯಿಸದ್ದಕ್ಕೆ ಮೈಲಿಗೆ ಇಲ್ಲವಲ್ಲ. ಆಮೇಲೆ, ತಾವು ಉಣ್ಣುವುದು ನಮ್ಮ ಕಣ್ಣಿಗೆ ಬೀಳಬಾರದೆಂದು ಬುಟ್ಟಿಗಳನ್ನೆಲ್ಲ ಹೊತ್ತುಕೊಂಡು ಮರದ ಆಚೆ ಬದಿಗೆ ಹೋಗಿ, ನಮಗೆ ಬೆನ್ನು ಹಾಕಿ ಕೂತರು. ತಮ್ಮ ಹೊಲದಲ್ಲಿ, ತಮ್ಮ ಹಬ್ಬದ ದಿನ, ಆ ಜನ ಕಳ್ಳರ ಹಾಗೆ ಮರೆಯಲ್ಲಿ ಉಂಡರು. ಎಣ್ಣೆಗಾಯಿಯ ವಾಸನೆ ಇತ್ತ ಬರುತ್ತಿತ್ತು. ನಾಲ್ಕನೆಯವನು “ಅವ್ವಾ, ಅವರು ಇನ್ನೊಂದ್ಸಲ ಯಾವಾಗ ಕೇಳ್ತಾರೆ?” ಎಂದು ಕೇಳಿದ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮೂರನೆಯವಳು ಇಲ್ಲ. ಹುಡುಕಿಕೊಂಡು ಜೋಳದ ಸಾಲಿನೊಳಗೆ ಹೋದೆ. ಹತ್ತು ಹೆಜ್ಜೆ ಒಳಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಜೋಳದ ಗರಿಯ ಮೇಲೆ, ಮಣ್ಣಿನ ಮೇಲೆ ಬಿದ್ದಿದ್ದ ಚರಗವನ್ನು ಒಂದೊಂದೇ ಅಗುಳು ಆರಿಸಿ, ಮಣ್ಣು ಊದಿ, ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಹೋಳಿಗೆಯ ಒಂದು ಚೂರನ್ನು ತಮ್ಮನಿಗೆಂದು ಲಂಗದ ಮಡಿಲಲ್ಲಿ ಇಟ್ಟುಕೊಂಡಿದ್ದಳು. ನನ್ನನ್ನು ನೋಡಿ ನಕ್ಕಳು. ಯಾರನ್ನೂ ಕೇಳದೆ, ಯಾರ ಹತ್ತಿರವೂ ಕೈ ಚಾಚದೆ ತಿನ್ನುವ ದಾರಿ ತನಗೆ ಸಿಕ್ಕಿತು ಅಂದುಕೊಂಡಿದ್ದಳೋ ಏನೋ.

ನಾನು ರೆಟ್ಟೆ ಹಿಡಿದು ಎಳೆದುಕೊಂಡು ಬಂದು, ಎಲ್ಲರ ಮುಂದೆ ಅವಳ ಕೆನ್ನೆಗೆ ಹೊಡೆದೆ. ಒಂದು ಏಟಲ್ಲ, ಎರಡು. ಹೊಡೆಯುತ್ತ, “ದೇವರ ಎಡೆ ಮುಟ್ಟಬಾರದು ಅಂತ ಗೊತ್ತಿಲ್ವಾ?” ಎಂದು ಕೂಗಿದೆ. ಹಸಿದ ಕೂಸನ್ನು ಹೊಡೆದದ್ದಕ್ಕೆ ದೇವರ ಹೆಸರಿನ ಹೊದಿಕೆ ಬೇರೆ! ಉಣ್ಣುತ್ತಿದ್ದವರೆಲ್ಲ ಎದ್ದುಬಂದರು. ಅಜ್ಜಿ ಎಂಜಲು ಕೈಯಲ್ಲೇ ಓಡಿಬಂದವಳು ಮಗುವನ್ನು ಮುಟ್ಟಲು ಹೋಗಿ, ಮುಟ್ಟಬಾರದೆಂದು ನೆನಪಾಗಿ ಅಲ್ಲೇ ನಿಂತಳು. “ಬಿಡ್ರೀ ಮೇಷ್ಟ್ರೇ, ಹೊಡೀಬ್ಯಾಡ್ರಿ. ಕೂಸು ಉಂಡ್ರೆ ಭೂಮ್ತಾಯಿ ಉಂಡಂಗೇ ಆತು” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಮಗಳು ಅಳಲಿಲ್ಲ, ಬಾಯಲ್ಲಿದ್ದದ್ದನ್ನು ನುಂಗಲೋ ಉಗುಳಲೋ ತಿಳಿಯದೆ ಹಾಗೇ ಇಟ್ಟುಕೊಂಡು ನಿಂತಿದ್ದಳು.

ಮನೆಗೆ ಬಂದ ಕೂಡಲೇ ಹೆಂಡತಿ ಬೆಳಿಗ್ಗೆ ನಾನು ಇಡಿಸಿದ್ದ ರೊಟ್ಟಿಯನ್ನು ಮಕ್ಕಳಿಗೆ ಹಂಚಿದಳು. ನನ್ನ ಕಡೆ ತಿರುಗದೆ, “ನೀವು ಯಾವಾಗಿಂದ ಅಷ್ಟು ದೊಡ್ಡ ಕುಲದೋರಾದ್ರಿ? ನಮ್ಮ ಮಾವನೋರಿಗೆ ಗೊತ್ತಿತ್ತಾ?” ಎಂದಳು. ನನ್ನ ಅಪ್ಪ ಸತ್ತು ಆರು ವರ್ಷವಾಗಿತ್ತು. ನಾಳೆ ಹೋಗಿ ಅಜ್ಜಿಗೆ ನಿಜ ಹೇಳಿಬಿಡುತ್ತೇನೆಂದು ಮನಸ್ಸಿನಲ್ಲೇ ಅಂದುಕೊಂಡೆ. ನಿಜವಾಗಿಯೂ ಅಂದುಕೊಂಡಿದ್ದೆ.

ನಾನು ಹೋಗುವ ಮೊದಲು ಅವಳೇ ಬಂದಳು. ಮರುದಿನ ಮಧ್ಯಾಹ್ನಕ್ಕೆ ಮುಂಚೆ, ಎರಡನೇ ಕ್ಲಾಸಿನವರಿಗೆ ಲೆಕ್ಕ ಹಾಕಿಸುತ್ತಿದ್ದೆ. ಇಡೀ ಶಾಲೆಗೆ ಇದ್ದದ್ದೇ ಒಂದು ಕೋಣೆ, ನನ್ನ ಮೂರು ಮಕ್ಕಳೂ ಅದರಲ್ಲೇ ಕೂತಿದ್ದವು. ಅಜ್ಜಿ ಒದ್ದೆ ಕೂದಲಲ್ಲಿ, ಒಗೆದ ಸೀರೆಯಲ್ಲಿ, ಬಟ್ಟೆ ಮುಚ್ಚಿದ ಬುಟ್ಟಿ ಹಿಡಿದು ಹೊಸ್ತಿಲ ಹೊರಗೆ ನಿಂತಳು. ಒಳಗೆ ಬರಲಿಲ್ಲ.

“ಮೇಷ್ಟ್ರೇ, ನಿನ್ನೆ ಆ ಕೂಸು ಹಸ್ಕೊಂಡು ಮಣ್ಣಾಗಿಂದು ಆರಿಸಿ ತಿಂತು. ನಮ್ಮ ಹೊಲದಾಗೆ! ಆಮ್ಯಾಲೆ ನನಗೆ ಒಂದು ತುತ್ತೂ ಇಳೀಲಿಲ್ರಿ. ಹಿಂದಿನ ಮೇಷ್ಟ್ರು ಒಂದ್ಸಲ ಹೇಳಿದ್ರು, ಹಾಲಾಗೆ ಕಲಸಿ ತುಪ್ಪದಾಗೆ ಕರಿದಿದ್ದಕ್ಕೆ ಮೈಲಿಗೆ ಇಲ್ಲ, ಪರವಾಗಿಲ್ಲ ಅಂತ. ಹೊಸಾ ಬಾಣಲೆ ತರ್ಸಿ, ತಲೆಮ್ಯಾಲೆ ನೀರು ಹಾಕ್ಕೊಂಡು ಕರ್ಚಿಕಾಯಿ ಮಾಡೀನಿ. ಒಂದು ಹನಿ ನೀರು ಮುಟ್ಸಿಲ್ಲ, ನನ್ನ ಮಗನ ಆಣೆ. ಆ ಕೂಸಿಗೆ ಕೊಡ್ರಿ.”

ಊರಿನ ಮಕ್ಕಳೆಲ್ಲ ನನ್ನನ್ನು ನೋಡುತ್ತಿದ್ದವು. ಬುಟ್ಟಿ ಇಸಿದುಕೊಂಡರೆ ಮೇಷ್ಟ್ರ ಮಗಳು ಹಸಿದು ನೆಲದ್ದು ತಿಂದಳೆಂದು ಊರಿಗೆಲ್ಲ ಒಪ್ಪಿಕೊಂಡಂತೆ. ನಿಜ ಹೇಳಿದರೆ ನಿನ್ನೆಯ ನನ್ನ ದೊಡ್ಡಸ್ತಿಕೆ ಸುಳ್ಳೆಂದು ಒಪ್ಪಿಕೊಂಡಂತೆ. ಅರವತ್ತು ದಾಟಿದ ಆ ಹೆಂಗಸು ನನ್ನ ಸುಳ್ಳಿಗಾಗಿ ತಣ್ಣೀರು ಸುರಿದುಕೊಂಡು, ಮನೆಯ ತುಪ್ಪವನ್ನೆಲ್ಲ ಬಳಿದು ತಂದು ಹೊಸ್ತಿಲ ಹೊರಗೆ ನಿಂತಿದ್ದಳು. ಮೂರು ಮಾತು ಸಾಕಿತ್ತು. ‘ಒಳಗೆ ಬಾ ಅಜ್ಜಿ.’ ನಾನು ಸೀಮೆಸುಣ್ಣ ಹಿಡಿದುಕೊಂಡು ನಿಂತೇ ಇದ್ದೆ.

ಆಗ ಮೂರನೆಯವಳು ಎದ್ದು ನಿಂತಳು. ಕೆನ್ನೆಯ ಮೇಲೆ ನನ್ನ ಬೆರಳಿನ ಗುರುತು ಇನ್ನೂ ಸ್ವಲ್ಪ ಇತ್ತು.

“ಅಜ್ಜಿ, ನಾನು ಹಸಿವಾಗಿ ತಿಂದಿದ್ದಲ್ಲ. ಆಟಕ್ಕೆ ತಿಂದಿದ್ದು” ಎಂದಳು.

ಅಜ್ಜಿ ಅವಳನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, “ಹೌದೇನ್ರೀ ಮೇಷ್ಟ್ರೇ?” ಎಂದು ಕೇಳಿದಳು.

“ಹೌದು” ಎಂದೆ.

ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಬಿಸಿಲಲ್ಲಿ ನಡೆದು ಹೋದಳು. ಸುಳ್ಳು ಹೇಳಿದ ಹುಡುಗರ ಅಂಗೈಗೆ ಬಾರಿಸಲೆಂದು ನಾನು ಇಟ್ಟುಕೊಂಡಿದ್ದ ಬೆತ್ತ ಮೇಜಿನ ಮೇಲಿತ್ತು. ನನ್ನ ಮಗಳು ಕೂರಲಿಲ್ಲ. ಒಪ್ಪಿಸಿದ ಪಾಠ ಸರಿಯಾಯಿತೋ ಇಲ್ಲವೋ ಎಂದು ಮಕ್ಕಳು ನೋಡುತ್ತವಲ್ಲ, ಹಾಗೆ ನನ್ನ ಮುಖ ನೋಡುತ್ತ ನಿಂತಿದ್ದಳು. ನಾನು ತಲೆಯಾಡಿಸಿ “ಜಾಣೆ, ಕೂತ್ಕೋ” ಎಂದೆ.